ಸತ್ತವನ ಕೈಯಳತೆ

ಹುಮನಾಬಾದಿನ ಬಸ್ ನಿಲ್ದಾಣದ ಹಿಂದೆ ಸೂರ್ಯಕಾಂತ ಪೂಲ್ ಆಟದ ಅಂಗಡಿ ಇಟ್ಟಿದ್ದ. ಇದ್ದದ್ದು ಒಂದೇ ಟೇಬಲ್ಲು, ಚೆಂಡು ಹೊಡೆಯಲು ನಾಲ್ಕಾರು ಡೊಂಕು ಕೋಲು. ಮಾಲೀಕನ ಬಾಯಿ ಮಾತ್ರ ಊರಗಲ. ದೆವ್ವದ ಮಾತು ಬಂದರೆ, ಬರಲಿ ಬಿಡು, ಆಟದ ಬಾಡಿಗೆ ಕೊಟ್ಟು ಹೋಗಲಿ ಎನ್ನುತ್ತಿದ್ದ. ಇಂಥವನನ್ನು ಒಂದು ಕಾಗೆ ಹೆದರಿಸಿತು.

ಅವನ ಜೀವದ ಗೆಳೆಯ ಸಂತೋಷಕುಮಾರ ಹಳ್ಳಿಖೇಡದ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಪೂಲ್ ಆಟದಲ್ಲಿ ಅವನನ್ನು ಸೋಲಿಸುವವರಿರಲಿಲ್ಲ. ಉದ್ದ ಕೈಯವನು; ಅಂಗಡಿಯ ಕೋಲೆಲ್ಲ ಅವನಿಗೆ ಗಿಡ್ಡ. ತನ್ನ ಕೈಯಳತೆಯದೊಂದು ಮಾಡಿಸಬೇಕು ಎಂದು ದಿನಾ ಹೇಳುತ್ತಿದ್ದ, ಸೂರ್ಯಕಾಂತ ದಿನಾ ನಗುತ್ತಿದ್ದ. ೧೯೯೯ರ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಉರುಳಿ ಸಂತೋಷ ಹೋದ.

ಹತ್ತನೆಯ ದಿನ ಹಳ್ಳದ ದಂಡೆಯಲ್ಲಿ ಪಿಂಡ ಇಟ್ಟರು. ಕಾಗೆ ಮುಟ್ಟಲಿಲ್ಲ. ಮುಟ್ಟದಿದ್ದರೆ ಸತ್ತವನಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಅದನ್ನು ತೀರಿಸುತ್ತೇವೆಂದು ಯಾರಾದರೂ ಮಾತು ಕೊಡಬೇಕು. ತಂಗಿ ಮನೀಷಾಳ ಮದುವೆ ಚೆಂದ ಮಾಡುತ್ತೇನೆಂದು ತಂದೆ ಕಾಶಿರಾಮ ಹೇಳಿದ. ಇನ್ನು ಅಳುವುದಿಲ್ಲ ಎಂದು ತಾಯಿ ಯಶೋದಾಬಾಯಿ ಅಳುತ್ತಲೇ ಹೇಳಿದಳು. ಕಾಗೆ ಬೇವಿನ ಟೊಂಗೆ ಬಿಟ್ಟು ಕದಲಲಿಲ್ಲ. ಬಿಸಿಲೇರಿತು. ಕೊನೆಗೆ ಸೂರ್ಯಕಾಂತ ಮುಂದೆ ಬಂದ.

“ನಿನ್ನ ಕೋಲು ನಾ ಮಾಡಸ್ತೀನಿ, ಸಂತ್ಯಾ.”

ಕಾಗೆ ಇಳಿದು ಪಿಂಡ ಮುಟ್ಟಿತು.

ಬಸವಕಲ್ಯಾಣದ ಬದ್ರುದ್ದೀನ್ ಚಾಚಾ ತೊಟ್ಟಿಲ ಕಂಬ, ಮಂಚದ ಕಾಲು ಕಡೆಯುವವನು. ಕೋಲು ಮಾಡಿಸಲು ಹೋದ ಸೂರ್ಯಕಾಂತನನ್ನು, ಯಾರ ಕೈಗೆ ಎಂದು ಆತ ಕೇಳಿದ. ಸತ್ತವನಿಗೆ ಎಂದರೆ ಮುದುಕ ಕಟ್ಟಿಗೆ ಮುಟ್ಟಲಿಕ್ಕಿಲ್ಲ ಎಂದು ಹೆದರಿ ಸೂರ್ಯಕಾಂತ ತನ್ನದೇ ಗಿಡ್ಡ ಕೈ ಚಾಚಿದ. ತೇಗದ ಚೆಂದದ ಕೋಲು ಬಂತು. ಅದನ್ನು ಅಂಗಡಿಯ ಗೋಡೆಗೆ ನಿಲ್ಲಿಸಿದ.

ಮರುದಿನದಿಂದ ಎದುರಿನ ತಂತಿಯ ಮೇಲೆ ಒಂದು ಕಾಗೆ. ಪಕ್ಕದಲ್ಲಿ ಚಹಾದಂಗಡಿ, ಬನ್ನಿನ ತುಣುಕು ಬಿದ್ದಲ್ಲಿ ಕಾಗೆ ಬಾರದೆ ನವಿಲು ಬರುತ್ತದೆಯೇ ಎಂದು ಆಟಕ್ಕೆ ಬರುತ್ತಿದ್ದ ನಾವು ಚೇಷ್ಟೆ ಮಾಡಿದೆವು. ಆದರೆ ಅದು ಬನ್ನು ಮುಟ್ಟುತ್ತಿರಲಿಲ್ಲ. ಸುಮ್ಮನೆ ಕೂತು ಅಂಗಡಿಯೊಳಗೆ ನೋಡುತ್ತಿತ್ತು. ಸೂರ್ಯಕಾಂತನಿಗೆ ಊಟ ಸೇರದಾಯಿತು. ಸುಳ್ಳು ಅಳತೆ ಕೊಟ್ಟು ಗೆಳೆಯನನ್ನು ನಡುದಾರಿಯಲ್ಲಿ ನಿಲ್ಲಿಸಿದೆನಲ್ಲ ಎಂಬ ಭಯ ಅವನನ್ನು ಒಳಗೊಳಗೇ ತಿಂದಿತು. ಮತ್ತೆ ಬಸವಕಲ್ಯಾಣಕ್ಕೆ ಹೋಗಿ ನಿಜ ಹೇಳಿದ.

ಚಾಚಾ ಕೆಲಸ ನಿಲ್ಲಿಸಿ ಅವನನ್ನೇ ನೋಡಿದ. “ಇನ್ನಾ ಹುಟ್ಟಲಾರದ ಕೂಸಿಗಿ ತೊಟ್ಟಿಲಾ ಮಾಡ್ತೀನಿ. ಹೋದವರಿಗಿ ಒಂದ್ ಕೋಲು ಮಾಡಲ್ಲೇನ್ರಿ?”

ಅಳತೆಗೆ ಸಂತೋಷನ ಅಂಗಿ ಕೇಳಿದ. ಬಟ್ಟೆಯೆಲ್ಲ ನೀರಿಗೆ ಬಿಟ್ಟಾಗಿತ್ತು. ಹಾಗಾದರೆ ಆ ಉದ್ದ ಕೈ ಯಾರ ಕಡೆಯಿಂದ ಬಂದದ್ದು, ತಂದೆಯದೋ ತಾಯಿಯದೋ ಎಂದ.

ಯಶೋದಾಬಾಯಿ ಬಸ್ಸಿನಲ್ಲಿ ಬಂದಳು. ಚಾಚಾ ಇಟ್ಟ ಉದ್ದುದ್ದ ಕೋಲುಗಳನ್ನು ಒನಕೆ ಆರಿಸುವವಳ ಹಾಗೆ ಒಂದೊಂದಾಗಿ ಎತ್ತಿ ನೋಡಿದಳು. ತೇಗ ಬೇಡವೆಂದಳು, ಶೀಸಂ ಬೇಡವೆಂದಳು. ಹಿಂದೆ ಭಾರವಿದ್ದ ಜಾಲಿಯದನ್ನು ಹಿಡಿದು, ಸೂರ್ಯಕಾಂತ ತೋರಿಸಿದಂತೆ ಹಲಗೆಯ ಮೇಲೆ ಬಾಗಿದಳು. ಉದ್ದ ಕೈ ಹಿಂದೆ ಸರಿಯಿತು. ಎಡಗಣ್ಣು ಅರೆ ಮುಚ್ಚಿತು. ಸಂತೋಷನೂ ಹೀಗೇ ಮುಚ್ಚುತ್ತಿದ್ದ.

“ಹೊಡದ ಮ್ಯಾಲ ಏನಂತಿದ್ದ?” ಎಂದು ಕೇಳಿದಳು.

“ಇನ್ನೊಂದ್ ಆಟ ಅಂತಿದ್ದ, ಅವ್ವ.”

ಅವಳು ಅಳಲಿಲ್ಲ, ಮಾತು ಕೊಟ್ಟಿದ್ದಳು. ಅತ್ತವನು ಸೂರ್ಯಕಾಂತ.

ಆ ಕೋಲು ಅಂಗಡಿಗೆ ಬಂದ ದಿನ ತಂತಿ ಬರಿದಾಗಿತ್ತು. ನೀನು ಬೇಡಿಕೊಂಡಂತೆ ಕಾಗೆ ಹೋಯಿತಲ್ಲ, ಇನ್ನಾದರೂ ಉಣ್ಣು ಎಂದೆವು. ಅವನು ದಿನವೆಲ್ಲ ಬಾಗಿಲಲ್ಲಿ ನಿಂತು ಮೇಲೆ ನೋಡಿದ.

ಅಂಗಡಿ ೨೦೦೬ರಲ್ಲಿ ಮುಚ್ಚಿತು. ಸೂರ್ಯಕಾಂತ ಈಗಲೂ ಬೆಳಿಗ್ಗೆ ಮನೆಯ ಮಾಳಿಗೆಯ ಮೇಲೆ ಬನ್ನು ಮುರಿದಿಡುತ್ತಾನೆ. ಕಾಗೆಗಳು ಹಿಂಡುಹಿಂಡಾಗಿ ಬಂದು ತಿನ್ನುತ್ತವೆ. ಅವುಗಳ ನಡುವೆ ತಿನ್ನದೆ ಕೂತದ್ದೊಂದನ್ನು ಅವನು ಹುಡುಕುತ್ತಾನೆ.