ಮೋಟಾರ್ ಸೈಕಲ್ಲಿಗೆ ಹೊಲಿಗೆ ಮಿಷನ್ನಿನ ಕಾಲು

ಕಳೆದ ಭಾನುವಾರ ನಮ್ಮ ಅಳಿಯಂದಿರು ಎಲ್ಲಿಂದಲೋ ಒಂದು ಬಾಟಲಿ ಸೀಮೆಎಣ್ಣೆ ಹೊಂದಿಸಿಕೊಂಡು ಬಂದು, ಹಿತ್ತಲಲ್ಲಿ ಹಳೇ ಮೋಟಾರ್ ಸೈಕಲ್ಲೊಂದನ್ನು ಬಿಚ್ಚಿ ಹರವಿಕೊಂಡು ಕೂತರು. ರಿಟೈರ್ ಆದ ಮೇಲೆ ಹಿಡಿದ ಹುಚ್ಚು ಅದು. ತುಕ್ಕು, ಗ್ರೀಸು, ಸೀಮೆಎಣ್ಣೆ ಸೇರಿದ ಆ ವಾಸನೆ ಕಿಟಕಿಯಿಂದ ನನ್ನ ಕೋಣೆಗೆ ಬಂತು. ಹೊಲಿಗೆ ಮಿಷನ್ ತುಳಿಯುತ್ತಾ ಕೂತಿದ್ದವಳು ಹಾಗೇ ನಿಲ್ಲಿಸಿದೆ. ಶಿಕಾರಿಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಯಜಮಾನರು ನೆನಪಾದರು... ಅವರು ತೀರಿಕೊಂಡು ಬಹಳ ಕಾಲವಾಯಿತು. ಅವರ ಮೇಲೆ ನನಗಿರುವ ತಾತ್ಸಾರಕ್ಕೆ ಮಾತ್ರ ಇನ್ನೂ ವಯಸ್ಸಾಗಿಲ್ಲ.

ನಾನು ಮದುವೆಯಾಗಿ ಶಿಕಾರಿಪುರಕ್ಕೆ ಬಂದದ್ದು ಐವತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ತೊಗರ್ಸಿ ಕಡೆ ಅವರಿಗೆ ಹಿರಿಯರ ಗದ್ದೆಗಳಿದ್ದವು. ಗೇಣಿ ಭತ್ತ ತಾನಾಗಿ ಮನೆಗೆ ಬರುತ್ತಿತ್ತು. ಆದ್ದರಿಂದ ಯಜಮಾನರಿಗೆ ಕೆಲಸ ಎನ್ನುವುದು ಇರಲಿಲ್ಲ, ಅಭಿಪ್ರಾಯಗಳು ಮಾತ್ರ ಇದ್ದವು. ಕೆಲಸ ಇದ್ದದ್ದು ಅವರ ಹೆಂಡತಿಗೆ. ನಾನು ಅವರನ್ನು ಅಕ್ಕ ಎಂದು ಕರೆಯುತ್ತಿದ್ದೆ. ಅಕ್ಕನಿಗೆ ತವರಿನವರು ಕೊಟ್ಟ ಒಂದು ಹೊಲಿಗೆ ಮಿಷನ್ ಇತ್ತು, ಕಾಲಲ್ಲಿ ತುಳಿಯುವಂಥದ್ದು. ಸಂತೆಗೆ ಬಂದ ಹೆಂಗಸರು ಬಟ್ಟೆ ಕೊಟ್ಟು ಹೋಗುವರು, ಮುಂದಿನ ಸಂತೆಗೆ ಒಯ್ಯುವರು. ಅಕ್ಕ ಕತ್ತರಿಸಿದ ರವಿಕೆ ಕಂಕುಳಲ್ಲಿ ಹಿಡಿಯುತ್ತಿರಲಿಲ್ಲ. ತೊಟ್ಟು ನೋಡಿದವರಿಗೇ ಗೊತ್ತು ಅದರ ಸುಖ.

ಒಂದು ದಿನ ಎತ್ತಿನ ಗಾಡಿಯೊಂದು ಅವರ ಬಾಗಿಲಿಗೆ ಬಂತು. ಹುಲ್ಲಿನ ಮೇಲೆ ಒಂದು ಮೋಟಾರ್ ಸೈಕಲ್ಲು ಅಂಗಾತ ಮಲಗಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಿಸಾಡಿದ್ದಂತೆ. ಶಿವಮೊಗ್ಗದಲ್ಲಿ ಯಾವುದೋ ಹರಾಜಿನಲ್ಲಿ ಹಿಡಿದು ತಂದಿದ್ದರು. ಎರಡು ಎತ್ತು ಎಳೆದು ತಂದ ಆ ಗಾಡಿಯ ಪಕ್ಕ ನಿಂತು ಯಜಮಾನರು ಮೀಸೆ ತಿರುವುತ್ತಾ, "ನೋಡಮ್ಮಾ, ಇದು ಮಿಲಿಟರಿ ಗಾಡಿ. ಎಂಥೆಂಥಾ ಗುಡ್ಡ ಹತ್ತಿ ಬಂದೈತಿ" ಎಂದು ನನಗೆ ಹೇಳಿದರು. ಅವರ ಮನೆಯ ಮೂರು ಮೆಟ್ಟಿಲು ಹತ್ತಿಸಲು ಬೀದಿಯ ಗಂಡಸರೆಲ್ಲ ಸೇರಬೇಕಾಯಿತು.

ಅಲ್ಲಿಂದ ಮುಂದೆ ಅವರ ಪಡಸಾಲೆ ಗ್ಯಾರೇಜಾಯಿತು. ಅಕ್ಕ ಪಾಯಸ ಮಾಡುವ ಪಾತ್ರೆಯಲ್ಲಿ ಚೈನು ನೆನೆಯಿತು. ಸಣ್ಣ ಸ್ಕ್ರೂಗಳೆಲ್ಲ ಪೂಜೆಯ ಪಂಚಪಾತ್ರೆ ಸೇರಿದವು. ದಿನವೂ ಬಿಚ್ಚುವುದು, ಒರೆಸುವುದು, ಜೋಡಿಸುವುದು, ಕೈಯಲ್ಲಿ ಒಂದು ನಟ್ಟು ಉಳಿದರೆ ಮತ್ತೆ ಬಿಚ್ಚುವುದು. ನಡುನಡುವೆ ಶೃಂಗಾರ ಬೇರೆ. ನವಿಲಿನ ಬಣ್ಣ ಬಳಿದರು. ಯಾವುದೋ ಬಸ್ಸಿನ ರಬ್ಬರ್ ಹಾರ್ನ್ ಕಟ್ಟಿದರು. ಸೀಟಿಗೆ ಮಖಮಲ್ಲಿನ ಹೊದಿಕೆ ಬೇಕೆಂದು ಅಕ್ಕನ ಕೈಯಲ್ಲಿ ಹೊಲಿಸಿದರು. ಒಂದಲ್ಲ, ಎರಡು ಸಾಲು ಹೊಲಿಗೆ ಹಾಕಿಸಿದರು. ಹೆಂಡತಿ ತಲೆನೋವೆಂದು ಮಲಗಿದರೆ ತಿರುಗಿ ನೋಡದ ಮನುಷ್ಯ, ಆ ಗಾಡಿಗೆ ಧೂಳು ಕೂತರೆ ತಮ್ಮ ಉತ್ತರೀಯದಿಂದ ಒರೆಸುತ್ತಿದ್ದರು.

ಅದೇ ವರ್ಷ ನವರಾತ್ರಿಗೆ ಮುಂಚೆ ಸೊರಬದ ಮಹಿಳಾ ಸಮಾಜದವರಿಂದ ಅಕ್ಕನಿಗೆ ಒಂದು ಕರೆ ಬಂತು. ಅಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸಲು ಒಬ್ಬರು ಬೇಕಾಗಿದ್ದರು. ಕಲಿಸುವವರು ಮಿಷನ್ ತಾವೇ ತರಬೇಕು. ವಿದ್ಯೆ ಶುರುಮಾಡುವ ದಿನವೆಂದು ವಿಜಯದಶಮಿ ಬೆಳಿಗ್ಗೆಯೇ ಪಾಠ ಆರಂಭಿಸುವುದೆಂದು ಗೊತ್ತುಮಾಡಿದ್ದರು. ಅಕ್ಕ ಗೋಡೆಯ ಆಚೆಯಿಂದ ನನ್ನನ್ನು ಕೂಗಿ ಕರೆದು, "ನನ್ನನ್ನ ಟೀಚರ್ ಅಂತಾರಂತೆ ಕಣೇ" ಎಂದು ಮೆಲ್ಲಗೆ ನಕ್ಕರು. ಆ ಮುಖದಲ್ಲಿ ಅಂಥ ನಗು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಯಜಮಾನರು ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಎಷ್ಟೋ ವಾಸಿಯಿತ್ತು, ಅಕ್ಕ ಜಗಳವಾಡಿ ಹೋಗುತ್ತಿದ್ದರು. ಇವರು ಉಪಕಾರಕ್ಕೆ ನಿಂತರು. "ಬಸ್ಸಿನ ಹಂಗ್ಯಾಕೆ? ಗಾಡಿಗೆ ಪಕ್ಕದಾಗೊಂದು ತೊಟ್ಟಿಲು ಕಟ್ತೀನಿ. ನೀನೂ ನಿನ್ನ ಮಿಷನ್ನೂ ರಾಣಿ ಹಂಗ ಹೋಗ್ರಿ" ಎಂದರು.

ಆಯುಧಪೂಜೆಯ ಹಿಂದಿನ ದಿನ ಮನೆಯಲ್ಲಿರುವ ಕಬ್ಬಿಣವನ್ನೆಲ್ಲ ತಿಕ್ಕಿ ತೊಳೆದು ಎಣ್ಣೆ ಹಚ್ಚುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಆ ವರ್ಷ ಯಜಮಾನರು ತಾವೇ ಮಾಡುತ್ತೇನೆಂದರು. ಅಕ್ಕನಿಗೆ ಆಶ್ಚರ್ಯ, ಸಂತೋಷ ಕೂಡ. ಈಳಿಗೆಮಣೆ, ಕುಡುಗೋಲು, ಕತ್ತರಿ, ಕೊನೆಗೆ ಮಿಷನ್ ಎಲ್ಲವನ್ನೂ ಒಪ್ಪಿಸಿ ಹೋಳಿಗೆಯ ಕಡೆ ಹೋದರು.

ಮರುದಿನ ಬೆಳಿಗ್ಗೆ ಪೂಜೆಗೆ ನಾನೂ ಹೋಗಿದ್ದೆ. ಗಾಡಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಅದರ ಪಕ್ಕಕ್ಕೆ ಬೆಲ್ಲದ ಪೆಟ್ಟಿಗೆಯಿಂದ ಮಾಡಿದ ತೊಟ್ಟಿಲು, ತೊಟ್ಟಿಲಿಗೆ ಒಂದು ಸೈಕಲ್ಲಿನ ಚಕ್ರ. ಹೊಲಿಗೆ ಮಿಷನ್ನಿನ ಮೇಲ್ಭಾಗ ಮಾತ್ರ ಒಂದು ಮಣೆಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಅಕ್ಕ ಆರತಿ ತಟ್ಟೆ ಹಿಡಿದು ಬಂದವರು ನಿಂತರು.

"ಮಿಷನ್ನಿನ ಕಾಲು ಎಲ್ರೀ?"

ಯಜಮಾನರು ತೊಟ್ಟಿಲಿನ ಕೆಳಗೆ ತೋರಿಸಿದರು. ಹೂಬಳ್ಳಿಯ ಅಚ್ಚಿನ ಆ ಎರಡು ಕರಿ ಕಾಲುಗಳು ಗಾಡಿಗೂ ತೊಟ್ಟಿಲಿಗೂ ನಡುವೆ ಬೋಲ್ಟ್ ಹಾಕಿಸಿಕೊಂಡು ಅಡ್ಡ ಮಲಗಿದ್ದವು. "ಸ್ವಲ್ಪ ತಲೆ ಓಡಿಸೇನಿ ನೋಡು. ದಾರ್ಯಾಗ ಗಾಡಿ, ಸೊರಬ ಮುಟ್ಟಿದ ಮ್ಯಾಲೆ ಬಿಚ್ಚಿ ಜೋಡಿಸಿದ್ರೆ ಮಿಷನ್. ಹೊರೋದೇ ಬ್ಯಾಡ."

"ಬಿಚ್ಚಿಕೊಡ್ರೀ. ನಾನು ನಾಳೆ ಬಸ್ಸಿನ ಮೇಲೆ ಹಾಕ್ಕೊಂಡು ಹೋಗ್ತೀನಿ."

"ಪೂಜೆಗಿಟ್ಟದ್ದನ್ನ ಬಿಚ್ತಾರೇನೇ? ನಾಳೆ ಬೆಳಗಿನತನಕ ಅದನ್ನ ಮುಟ್ಟಂಗಿಲ್ಲ."

ಅದು ನಿಜವೇ. ಪೂಜೆಗೆ ಕೂತ ಆಯುಧವನ್ನು ಆ ದಿನ ಯಾರೂ ಕದಲಿಸುವುದಿಲ್ಲ. ಶಾಸ್ತ್ರ ಎಂದೂ ಕಾಡದ ಆ ಮನುಷ್ಯನಿಗೆ ಅವತ್ತು ಶಾಸ್ತ್ರ ಒದಗಿಬಂತು. ಅಕ್ಕ ತಮ್ಮ ಮಿಷನ್ನಿನ ಕಾಲಿಗೆ ತಾವೇ ಆರತಿ ಎತ್ತಿದರು.

ವಿಜಯದಶಮಿಯ ಬೆಳಿಗ್ಗೆ, ಇನ್ನು ಬಿಚ್ಚುತ್ತಾ ಕೂತರೆ ಬಸ್ಸೂ ತಪ್ಪುತ್ತದೆ ಎಂದು, ಮೂರು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಇಂಜಿನ್ ಚಾಲೂ ಆಯಿತು, ಅಷ್ಟು ನ್ಯಾಯ ಹೇಳಲೇಬೇಕು. ಅಕ್ಕ ಹೊಸ ಸೀರೆಯುಟ್ಟು, ಮಡಿಲಲ್ಲಿ ಮಿಷನ್ನಿನ ಮೇಲ್ಭಾಗ ಇಟ್ಟುಕೊಂಡು ತೊಟ್ಟಿಲಲ್ಲಿ ಕೂತರು. ಹಾರ್ನ್ ಹೊಡೆಯುತ್ತಾ ಹೊರಟರು. ಬೀದಿಯ ಕೊನೆಯಲ್ಲಿ, ಮಳೆಗಾಲದಲ್ಲಿ ಎತ್ತಿನ ಗಾಡಿಗಳು ಕೊರೆದ ಗುಂಡಿಯೊಂದಿತ್ತು. ಮಿಷನ್ನಿನ ಕಾಲು ಬೀಡು ಕಬ್ಬಿಣದ್ದು. ನಿಂತಲ್ಲಿ ಎಷ್ಟು ಭಾರವಾದರೂ ಹೊರುತ್ತದೆ, ಪೆಟ್ಟು ಬಿದ್ದರೆ ಹಂಚಿನ ಹಾಗೆ ಒಡೆಯುತ್ತದೆ. ಎರಡೂ ಒಡೆದವು. ತೊಟ್ಟಿಲು ಒಂದು ಕಡೆ, ಗಾಡಿ ಒಂದು ಕಡೆ ಬಿತ್ತು.

ನಾವು ಓಡಿಹೋದೆವು. ಅಕ್ಕನ ಮೊಣಕೈ ತರಚಿ ರಕ್ತ ಬರುತ್ತಿತ್ತು. ಮಿಷನ್ನನ್ನು ಮಾತ್ರ ಎದೆಗೆ ಅವಚಿಕೊಂಡಿದ್ದರು. ಯಜಮಾನರು ಗಾಡಿಯ ಟ್ಯಾಂಕನ್ನು ಬೆರಳಲ್ಲಿ ಸವರಿ, "ಛೇ, ಬಣ್ಣ ಕಿತ್ತೋತು" ಎಂದರು. ನನಗೆ ಆ ಮನುಷ್ಯನ ಮೇಲೆ ಹೇಸಿಗೆ ಹುಟ್ಟಿದ್ದು ಅಲ್ಲೇ. ಅಕ್ಕ ಅವರನ್ನು ಒಂದು ಸಲ ನೋಡಿದರು, ಒಡೆದ ಕಾಲಿನ ಚೂರುಗಳನ್ನು ನೋಡಿದರು. "ಬಾರೇ" ಎಂದು ನನಗೆ ಹೇಳಿ ಮನೆಯ ಕಡೆ ನಡೆದರು.

ಸೊರಬದಲ್ಲಿ ಮಧ್ಯಾಹ್ನದವರೆಗೆ ಕಾದು, ಮಿಷನ್ ಇದ್ದ ಇನ್ನೊಬ್ಬರಿಂದ ಪಾಠ ಶುರುಮಾಡಿದರಂತೆ. ಯಜಮಾನರು, ದುಡ್ಡು ಕೊಟ್ಟು ಹೊಸ ಕಾಲು ಯಾಕೆ, ಮರದ ಕಾಲು ಮಾಡಿಕೊಡುತ್ತೇನೆಂದು ವರ್ಷಗಟ್ಟಲೆ ಹೇಳಿದರು. ಗಾಡಿಗೆ ಮಾತ್ರ ಬಣ್ಣ ಮತ್ತೆ ಬಿತ್ತು. ಅಕ್ಕ ಕೈಹೊಲಿಗೆಗೆ ಇಳಿದರು, ಕಣ್ಣು ಮಂಜಾಗುವವರೆಗೂ ಸೂಜಿ ಹಿಡಿದೇ ಇದ್ದರು. ಯಜಮಾನರು ಸತ್ತಾಗ ಇಡೀ ಬೀದಿ, ಎಂಥಾ ತಲೆಯಿದ್ದ ಮನುಷ್ಯ ಎಂದು ಕಣ್ಣೊರೆಸಿಕೊಂಡಿತು, ನಾನು ಒರೆಸಿಕೊಳ್ಳಲಿಲ್ಲ. ಆಮೇಲೆ ಗಾಡಿಯನ್ನು ಗುಜರಿಯವನು ಒಯ್ದ. ಕಬ್ಬಿಣವೆಲ್ಲ ತುಕ್ಕು ತಿಂದು ಪುಡಿಯಾಗಿತ್ತು. ಸೀಟಿನ ಮಖಮಲ್ಲಿನಲ್ಲಿ ಅಕ್ಕ ಹಾಕಿದ ಹೊಲಿಗೆ ಒಂದೂ ಬಿಟ್ಟಿರಲಿಲ್ಲ... ಈಗ ಅಕ್ಕನೂ ಇಲ್ಲ.

ಆ ಭಾನುವಾರ ನಾನು ಇದನ್ನೆಲ್ಲ ನೆನೆಯುತ್ತಾ ಕೂತಿದ್ದಾಗ ಅಳಿಯಂದಿರು ಬಾಗಿಲಲ್ಲಿ ನಿಂತು, "ಅತ್ತೇ, ನಿಮ್ಮ ಮಿಷನ್ನಿನ ಎಣ್ಣೆ ಒಂಚೂರು ಕೊಡ್ತೀರಾ, ಚೈನಿಗೆ ಬೇಕಾಗಿತ್ತು" ಎಂದರು. ಒಳ್ಳೆಯವರೇ, ಪಾಪ. ನಾನು ಎಣ್ಣೆಯ ಡಬ್ಬಿಯನ್ನು ಸೆರಗಿನಡಿಗೆ ಎಳೆದುಕೊಂಡು, ಇಲ್ಲ ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ ಹೋದರು. ನಾನು ಮತ್ತೆ ತುಳಿಯತೊಡಗಿದೆ. ಮೊಮ್ಮಗಳ ರವಿಕೆ, ಅಕ್ಕ ಹೇಳಿಕೊಟ್ಟ ಕಟಿಂಗು. ಸೊರಬದ ಹೆಂಗಸರೆಲ್ಲ ಕಲಿಯಬೇಕಾಗಿದ್ದನ್ನು, ಗೋಡೆಯಾಚೆ ಇದ್ದ ತಪ್ಪಿಗೆ ನಾನೊಬ್ಬಳೇ ಕಲಿತೆ.