ಪೂಜೆಗಿಟ್ಟ ದನಿ

ಸಿದ್ದಾಪುರ ಪೇಟೆಯಲ್ಲಿ ಅನಂತಮೂರ್ತಿ ಎಂದರೆ ಯಾವ ಅನಂತಮೂರ್ತಿ ಎಂದು ಕೇಳುತ್ತಿದ್ದರು. ಮೈಕ್ ಅನಂತಣ್ಣ ಎಂದರೆ ಮಾತ್ರ ಅಂಗಡಿಯ ಬಾಗಿಲ ತನಕ ಬಂದು ಬಿಟ್ಟುಹೋಗುತ್ತಿದ್ದರು. ರೇಡಿಯೋ ರಿಪೇರಿ ಅವನ ಕಸುಬು, ಹೆಸರು ತಂದದ್ದು ಮಾತ್ರ ದನಿ. ನೀರು ಬಿಡುವ ಹೊತ್ತು ಬದಲಾಗಲಿ, ತಾಳಮದ್ದಳೆ ಇರಲಿ, ಯಾರದೋ ಎಮ್ಮೆ ಕಳೆದುಹೋಗಲಿ, ಆಟೋದ ನೆತ್ತಿಗೆ ಮೈಕಿನ ಹಾರ್ನ್ ಕಟ್ಟಿಕೊಂಡು ಅವನು "ಮಹಾಜನರೇ" ಎಂದನೆಂದರೆ ಚಾ ಕುಡಿಯುವವರು ಲೋಟ ಕೆಳಗಿಡುತ್ತಿದ್ದರು.

ಆ ಗಂಟಲಿಗೇ ಹುಣ್ಣು ಹತ್ತಿತು. ಎರಡು ಸಾವಿರದ ಐದನೇ ಇಸವಿಯ ಮಾತು. ದನಿಪೆಟ್ಟಿಗೆ ತೆಗೆಯದೆ ಜೀವ ಉಳಿಯದು ಎಂದರು ಘಟ್ಟದ ಕೆಳಗಿನ ಡಾಕ್ಟರು.

ಅನಂತಣ್ಣ ಅಳಲಿಲ್ಲ. ಮನೆಗೆ ಬಂದವನೇ ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಯಿಂದ ಎಂದೋ ತಂದಿಟ್ಟಿದ್ದ ಅಂಗೈಯಗಲದ ಕಂಪ್ಯೂಟರನ್ನು ಹೊರತೆಗೆದ. ಒಂದೇ ಹಲಗೆಯ ಮೇಲೆ ಎಲ್ಲ ಬೆಸೆದ ಪುಟ್ಟ ಯಂತ್ರ. ಕಡ್ಡಿಯಿಂದ ಪರದೆ ಒತ್ತಿದರೆ ಕೆಲಸ ಮಾಡುವಂಥದ್ದು. ಶಿರಸಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ತುಷಾರ ಅದಕ್ಕೆ ಲಿನಕ್ಸ್ ಎಂಬ ತಂತ್ರಾಂಶ ತುಂಬಿಸುವುದನ್ನು ಕಲಿಸಿದ್ದ. ಬಿಟ್ಟಿ ಸಿಗುತ್ತದೆ ಎನ್ನುವುದಕ್ಕಿಂತ, ಒಳಗೆ ಏನಿದೆಯೆಂದು ಬಿಚ್ಚಿ ನೋಡಲು ಬಿಡುತ್ತದೆ ಎನ್ನುವುದು ಅನಂತಣ್ಣನಿಗೆ ಹಿಡಿಸಿತ್ತು. ಮುಚ್ಚಳ ತೆಗೆಯಲು ಬಿಡದ ರೇಡಿಯೋವನ್ನು ಅವನು ಎಂದೂ ನಂಬಿದವನಲ್ಲ.

ಆಸ್ಪತ್ರೆಗೆ ಹೋಗುವ ತನಕ ಕೂತು ತನ್ನ ಮಾತನ್ನೆಲ್ಲ ಅದರೊಳಗೆ ತುಂಬಿಸಿದ. ಪರದೆಯ ಒಂದೊಂದು ಗುಂಡಿಗೆ ಒಂದೊಂದು ಮಾತು. "ದೇವಕೀ, ಚಾ ಆತಾ?" "ಬಾಗ್ಲು ಹಾಕ್ಯ." "ಹುಳಿಗೆ ಉಪ್ಪು ಇಲ್ಲೆ."

"ಉಪ್ಪಿನ ಮಾತು ಎಂತಕ್ಕೆ? ದಿನಾ ಅದನ್ನೇ ಒತ್ತಲೆ ಅಲ್ದಾ?" ಎಂದಳು ಹೆಂಡತಿ ದೇವಕಿ.

"ನೀ ಸರಿ ಹಾಕಿರೆ ಒತ್ತದಿಲ್ಲೆ."

ಆ ಯಂತ್ರದ ನೆನಪಿಗೆ ಎರಡು ಗೂಡು. ಒಂದರಲ್ಲಿಟ್ಟದ್ದು ಬ್ಯಾಟರಿ ಸತ್ತರೂ ಉಳಿಯುತ್ತದೆ. ಅದು ಸಣ್ಣದು, ಲಿನಕ್ಸಿಗೇ ಭರ್ತಿಯಾಗಿತ್ತು. ದನಿ ಕೂತದ್ದು ಇನ್ನೊಂದರಲ್ಲಿ. ಅದಕ್ಕೆ ಬ್ಯಾಟರಿಯೇ ಉಸಿರು.

"ಅನಂತಣ್ಣ, ಚಾರ್ಜು ಪೂರ್ತಿ ಹೋದ್ರೆ ದನಿನೂ ಹೋತು. ಶಿರಸಿಗೆ ತಗಬಾ, ಸಿಡಿಗೆ ಹಾಕ್ಕೊಡ್ತೆ" ಎಂದು ತುಷಾರ ಫೋನಿನಲ್ಲಿ ಹೇಳಿದ್ದ.

"ಬತ್ತೆ ಮಾರಾಯ. ಇನ್ನೂ ಮಾತು ಮುಗದ್ದಿಲ್ಲೆ."

ಆಪರೇಷನ್ ಆಯಿತು. ಗಾಯ ಮಾಗುವ ತನಕ ಬಸ್ಸು ಹತ್ತಬಾರದು ಎಂದರು, ಶಿರಸಿ ಮುಂದಕ್ಕೆ ಹೋಯಿತು. ಆದರೂ ಮನೆಯಲ್ಲಿ ದನಿ ಇತ್ತು. ಉಪ್ಪಿನ ಗುಂಡಿ ಒತ್ತಿದಾಗಲೆಲ್ಲ ದೇವಕಿ ಒಳಗಿನಿಂದಲೇ ಬಯ್ಯುತ್ತಿದ್ದಳು, ಬಯ್ದು ನಗುತ್ತಿದ್ದಳು.

ನವರಾತ್ರಿ ಬಂತು. ಆ ಮನೆಯಲ್ಲಿ ಶಾರದೆಯ ಮುಂದೆ ಪುಸ್ತಕ, ಪೆನ್ನು, ಮೈಕು, ಸ್ಕ್ರೂಡ್ರೈವರು ಎಲ್ಲವನ್ನೂ ಮಣೆಯ ಮೇಲಿಡುವುದು ರೂಢಿ. ಅಕ್ಷತೆ ಬಿದ್ದ ಮೇಲೆ ದಶಮಿಯ ಪೂಜೆ ಆಗುವ ತನಕ ಕದಲಿಸುವಂತಿಲ್ಲ, ಓದುವಂತಿಲ್ಲ, ಬರೆಯುವಂತಿಲ್ಲ. ಆ ವರ್ಷ ದೇವಕಿ ಯಂತ್ರವನ್ನೂ ಇಟ್ಟಳು. ಗಂಡನ ದನಿಗಿಂತ ದೊಡ್ಡ ವಿದ್ಯೆ ಅವಳಿಗೆ ಯಾವುದಿತ್ತು? ಅನಂತಣ್ಣನೂ ಕೈಮುಗಿದ. ಬ್ಯಾಟರಿ ಅಷ್ಟು ದಿನ ತಡೆದೀತು ಎಂದುಕೊಂಡ.

ನವಮಿಯ ಬೆಳಿಗ್ಗೆ ಅನಂತಣ್ಣನಿಗೆ ಚಿಂತೆ ಹತ್ತಿತು. ಹಳೇ ಬ್ಯಾಟರಿ ಅದು. ಮಣೆಯನ್ನು ತೋರಿಸಿದ, ಗೋಡೆಯ ಪ್ಲಗ್ಗನ್ನು ತೋರಿಸಿದ, ಗಂಟಲು ಮುಟ್ಟಿಕೊಂಡ.

"ಗೊತ್ತಾತು, ಚಾರ್ಜು ಅಲ್ದಾ? ನಾಳೆ ಪೂಜೆ ಆದಕೂಡ್ಲೆ ಹಾಕ್ತೆ. ದೇವರ ಮುಂದೆ ಇಟ್ಟಿದ್ದು ಕದಲಿಸ್ಲಾಗ ಹೇಳಿ ಪ್ರತಿ ವರ್ಷ ಹೇಳ್ತಿದ್ದಿದ್ದು ನಿಂಗನೇ. ಒಂದಿನ ಬಾಯಿ ಮುಚ್ಚಿ ಕೂರಲೆ ಬರದಿಲ್ಯ?" ಎಂದು ನಕ್ಕಳು.

ಬ್ಯಾಟರಿ ಸತ್ತರೆ ಮಾತೂ ಸಾಯುತ್ತದೆ ಎನ್ನುವುದನ್ನು ಅವನು ಅವಳಿಗೆ ಹೇಳಿರಲೇ ಇಲ್ಲ. ಈಗ ಹೇಳೋಣವೆಂದರೆ ದನಿ ಮಣೆಯ ಮೇಲೆ, ಪೆನ್ನೂ ಮಣೆಯ ಮೇಲೆ. ಒಮ್ಮೆ ಕೈ ಚಾಚಿದ. ಅಕ್ಷತೆಯ ಕಾಳೊಂದು ಪರದೆಯ ಮೇಲೆ ಕೂತಿತ್ತು. ಸಾವಿನ ಬಾಗಿಲಿನಿಂದ ಈಗಷ್ಟೇ ತಿರುಗಿ ಬಂದವನು. ಧೈರ್ಯ ಸಾಲದೆ ಕೈ ಹಿಂದಕ್ಕೆಳೆದುಕೊಂಡ.

ದಶಮಿಯ ದಿನ ದೇವಕಿ ತಾನೇ ಚಾರ್ಜಿಗೆ ಹಾಕಿದಳು. ಪರದೆ ಬೆಳಗಿತು. ಲಿನಕ್ಸಿನ ಪೆಂಗ್ವಿನ್ ಬಂತು, ಅಕ್ಷರಗಳು ಸರಸರ ಓಡಿದವು, ಎಲ್ಲ ಹೊಸದರಂತೆ ನಿಂತಿತು. ಅನಂತಣ್ಣ ಕಡ್ಡಿಯಿಂದ ಅಲ್ಲಿ ಇಲ್ಲಿ ಒತ್ತಿದ. ಗುಂಡಿಗಳಿದ್ದವು. ಮಾತಿರಲಿಲ್ಲ.

"ಉಪ್ಪಿಂದಾದ್ರೂ ಒತ್ತಿ" ಎಂದಳು ದೇವಕಿ.

ಅವನು ಪೆನ್ನು ತೆಗೆದುಕೊಂಡು ಬರೆದು ತೋರಿಸಿದ. ಓದಿದವಳು ಮಣೆಯ ಹತ್ತಿರವೇ ಕೂತುಬಿಟ್ಟಳು. ಆ ದಿನ ಒಲೆ ಹೊತ್ತಲಿಲ್ಲ.

ತುಷಾರ ಸುದ್ದಿ ಕೇಳಿ ಬಂದ. ಬೇರೆ ದನಿ ತಂದಿದ್ದ, ಬರೆದದ್ದನ್ನು ಕನ್ನಡದಲ್ಲಿ ಓದುವ ಯಂತ್ರದ ದನಿ. ಅದೂ ಬಿಟ್ಟಿಯದ್ದೇ, ಎಷ್ಟು ಸಲ ಅಳಿಸಿದರೂ ಮತ್ತೆ ಹಾಕಿಕೊಳ್ಳಬಹುದಾದದ್ದು. ಅನಂತಣ್ಣ ಅಕ್ಷರ ಒತ್ತಿದ. ತಗಡು ಬಡಿದಂತೆ "ದೇ ವ ಕಿ" ಎಂದಿತು ಯಂತ್ರ.

ಅಡುಗೆಮನೆಯಿಂದ ದೇವಕಿ ಬರಲಿಲ್ಲ. ಮತ್ತೆ ಒತ್ತಿದ. ಆಗ ಬಂದು ಬಾಗಿಲಲ್ಲಿ ನಿಂತಳು.

"ಅದು ಬ್ಯಾಡ. ಆ ಗಂಡ್ಸು ಯಾರು ಹೇಳಿ ಯಂಗೆ ಗೊತ್ತಿಲ್ಲೆ. ನಿಂಗ ಚಪ್ಪಾಳೆ ಹೊಡೀರಿ, ಆನು ಬತ್ತೆ."

ಅನಂತಣ್ಣ ಯಂತ್ರವನ್ನು ತುಷಾರನ ಕೈಗೆ ಕೊಟ್ಟುಬಿಟ್ಟ. ಆಮೇಲೆ ಅವನು ಬದುಕಿದ್ದಷ್ಟು ವರ್ಷ, ಆ ಓಣಿಯಲ್ಲಿ ನಡೆದುಹೋಗುವವರಿಗೆ ಆಗಾಗ ಚಪ್ಪಾಳೆ ಕೇಳಿಸುತ್ತಿತ್ತು. ಅದರ ಬೆನ್ನಿಗೇ ಹೆಂಗಸಿನ ದನಿಯೂ, "ಬಂದೆ, ಬಂದೆ."