ಕಾಗದದ ಬಾಗಿಲಿಗೆ ಅರಿಶಿನ

ಜಪಾನಿನವರ ಮೇಲೆ ನನಗೆ ಯಾವ ಹಗೆಯೂ ಇಲ್ಲ. ಆದರೆ ಅವರ ದೇಶದ ಒಂದು ಬಾಗಿಲಿನ ಚಿತ್ರ ನನ್ನ ಕಣ್ಣಿಗೆ ಬೀಳದೇ ಇದ್ದಿದ್ದರೆ ನನ್ನ ತಂಗಿಯ ಬದುಕು ಬೇರೆ ದಾರಿ ಹಿಡಿಯುತ್ತಿತ್ತೋ ಏನೋ ಎಂದು ಈಗಲೂ ಅನ್ನಿಸುತ್ತದೆ. ಅನ್ನಿಸಿದಾಗಲೆಲ್ಲ ಸಿಟ್ಟು ಬರುತ್ತದೆ. ಆ ಸಿಟ್ಟನ್ನು ಎಷ್ಟೋ ವರ್ಷ ಯಾರು ಯಾರ ಮೇಲೋ ಹಾಕಿಕೊಂಡು ಬಂದೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಕೊರಟಗೆರೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು, ಮನೆ ಮಧುಗಿರಿಯಲ್ಲಿ. ಬೆಳಿಗ್ಗೆ ಪ್ರೈವೇಟ್ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ, ಸಂಜೆ ಇನ್ನೊಂದರಲ್ಲಿ ನೇತಾಡಿಕೊಂಡು ಬರುತ್ತಿದ್ದೆ. ಅಪ್ಪ ಕುರಿ ವ್ಯಾಪಾರದ ದಲ್ಲಾಳಿ. ಶಿರಾ, ಪಾವಗಡ, ನಿಡುಗಲ್ ಕಡೆಯಿಂದ ಬಂದ ಕುರಿಯವರು ನಮ್ಮ ನಡುಮನೆಯಲ್ಲೇ ಕೂತು ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಿದ್ದರು. ಬೆರಳಿಗೆ ಸದ್ದಿಲ್ಲ ನಿಜ. ಅದಕ್ಕೆ ಮುಂಚೆ ಒಂದು ಗಂಟೆ, ಆಮೇಲೆ ಒಂದು ಗಂಟೆ ಅವರು ಆಡುತ್ತಿದ್ದ ಮಾತು ಬೀದಿಯ ತುದಿಗೆ ಕೇಳುತ್ತಿತ್ತು.

ತಂಗಿ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದರಲ್ಲೇ ಡುಮ್ಕಿ ಹೊಡೆದಿದ್ದಳು. ಪಾಸಾದರೆ ಟಿ.ಸಿ.ಎಚ್. ಮಾಡಿ ಟೀಚರ್ ಆಗಬೇಕೆಂದು ಅವಳ ಆಸೆ. ಅಪ್ಪ ಇನ್ನೊಂದೇ ಒಂದು ಸಲ ಕಟ್ಟಲು ಒಪ್ಪಿದ್ದರು. ಈ ಸಲವೂ ಹೋದರೆ ನಿಡುಗಲ್ ಕಡೆಯ ಒಬ್ಬ ಕುರಿ ಯಜಮಾನರ ಮಗನಿಗೆ ಕೊಡುವುದೆಂದು ಮಾತಾಗಿತ್ತು. ಹುಡುಗ ಕೆಟ್ಟವನೇನಲ್ಲ. ಆದರೆ ಅವಳಿಗೆ ಬೇಕಾಗಿದ್ದದ್ದು ಹುಡುಗನಲ್ಲ, ಮೂವತ್ತೈದು ನಂಬರು.

ನಡುಮನೆಯ ಹಿಂಬದಿಗೆ ಮೂರು ಕಡೆ ಗೋಡೆಯಿದ್ದು ಎದುರು ಮಾತ್ರ ತೆರೆದಿದ್ದ ಒಂದು ಮೂಲೆ ಇತ್ತು. ಮೊದಲು ಅಲ್ಲಿ ಕಡಲೆಕಾಯಿ ಮೂಟೆ ಇಡುತ್ತಿದ್ದರು. ದೀಪಾವಳಿ ಕಳೆದ ಮೇಲೆ ತಂಗಿ ಅದನ್ನು ಗುಡಿಸಿ, ಸಾರಿಸಿ, ಚಾಪೆ ಹಾಕಿಕೊಂಡು ನನ್ನ ಹತ್ತಿರ ಬಂದಳು.

"ಅಣ್ಣ, ಎದ್ರುಗೊಂದು ಮರೆ ಮಾಡ್ಕೊಡಣ್ಣ. ಬಂದೋರೆಲ್ಲ ನನ್ನೇ ನೋಡ್ತಾರೆ. ಅಮ್ಮನ ಒಂದು ಹಳೇ ಸೀರೆ ಕಟ್ಟುದ್ರೂ ಸಾಕು."

ಸೀರೆ ಎಂದ ತಕ್ಷಣ ನಾನು ಮೂಗು ಮುರಿದೆ. ಡ್ರಾಯಿಂಗ್ ಮೇಷ್ಟ್ರ ಮನೆಯಲ್ಲಿ ಬಚ್ಚಲಿಗೆ ಕಟ್ಟಿದ ಹಾಗೆ ಸೀರೆ ಕಟ್ಟುವುದೇ? "ತಡಿ, ಏನಾದ್ರೂ ಚೆನ್ನಾಗಿರೋದು ಮಾಡ್ತೀನಿ" ಎಂದೆ. ಆ ಚೆನ್ನಾಗಿರುವುದು ಡಿಸೆಂಬರಿನಲ್ಲಿ ಶಿರಾದ ಒಂದು ಪವರ್ ಟಿಲ್ಲರ್ ಅಂಗಡಿಯ ಗೋಡೆಯ ಮೇಲೆ ಸಿಕ್ಕಿತು. ಹೊಸ ವರ್ಷದ ಕ್ಯಾಲೆಂಡರು. ಅದರಲ್ಲಿ ಜಪಾನಿನ ಒಂದು ಮನೆ, ಬಿಳೀ ಮರದ ಸಣ್ಣ ಸಣ್ಣ ಚೌಕಗಳಿಗೆ ಕಾಗದ ಅಂಟಿಸಿ ಮಾಡಿದ ಜಾರುಬಾಗಿಲು, ಅದರ ಮುಂದೆ ಮಂಡಿಯೂರಿ ಕೂತ ಒಬ್ಬಳು ಹೆಂಗಸು. ಕಾಗದದೊಳಗಿಂದ ಬೆಳಕು ಹಾಲಿನ ಹಾಗೆ ಇಳಿಯುತ್ತಿತ್ತು. ನಡುಮನೆಗೆ ಇದ್ದದ್ದು ಒಂದೇ ಬಲ್ಬು. ಬಾಗಿಲು ಮುಚ್ಚಿದರೂ ತಂಗಿಗೆ ಬೆಳಕು ಸಿಗುತ್ತದೆ ಎಂದು ಲೆಕ್ಕ ಹಾಕಿ, ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ. ಅಂಗಡಿಯವನನ್ನು ಕಾಡಿ ಬೇಡಿ ಆ ಹಾಳೆ ಹರಿದುಕೊಂಡು ಬಂದೆ.

ಅಳತೆ ಗೊತ್ತಿರಲಿಲ್ಲ. ಕೂತ ಹೆಂಗಸಿನ ಎತ್ತರ ಎರಡೂವರೆ ಅಡಿ ಎಂದಿಟ್ಟುಕೊಂಡು ಸ್ಕೇಲು ಹಿಡಿದು ಬಾಗಿಲಿನ ಅಳತೆ ತೆಗೆದೆ. ನಮ್ಮ ಬೀದಿಯ ಬಡಗಿ ಆಚಾರಿಯನ್ನು ಕರೆಸಿ ಚಿತ್ರ ತೋರಿಸಿದರೆ ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಮೇಷ್ಟ್ರೇ, ಇದ್ಕೆ ಚಿಲ್ಕ ಎಲ್ಲಿ ಕೂರುಸ್ಲಿ?"

"ಚಿಲ್ಕ ಇಲ್ಲ. ಜಾರ್ಸದು."

"ನಾಯಿ ಬಂದ್ರೆ?"

ನಾಯಿ ಯಾಕೆ ಬರುತ್ತದೆ ಎಂದು ರೇಗಿದೆ. ಆಚಾರಿ ಒಳ್ಳೆಯ ಮನುಷ್ಯರು. ತೇಗವೋ ಹೊನ್ನೆಯೋ ತರಿಸಿ, ಬೇರೆ ಮರ ನೀರು ಕುಡಿಯುತ್ತೆ, ಕೆಳಗೆ ಬಾಗಿಲು ಜಾರೋಕೆ ತೋಡು ಮಾಡೋ ಬದಲು ಮೇಲಿನ ತೊಲೆಗೆ ನೇತು ಹಾಕೋಣ ಎಂದು ಎರಡು ದಿನ ಹೇಳಿದರು. ಚಿತ್ರದಲ್ಲಿ ಮರ ಬೆಳ್ಳಗಿದೆ, ಬಾಗಿಲು ನೆಲದ ಮೇಲಿನ ತೋಡಿನಲ್ಲೇ ಇದೆ ಎಂದು ನಾನು ಪಟ್ಟು ಹಿಡಿದೆ. ಮೂರನೆಯ ದಿನ ಅವರು ಬರಲಿಲ್ಲ. ಹೇಳಿ ಕಳಿಸಿದರೆ, ಒಂದು ಗರಗಸ, ಎರಡು ಉಳಿ, ಮರ ನಯ ಮಾಡುವ ಒಂದು ತೋಪಡವನ್ನು ಮನೆಗೆ ಕಳಿಸಿಕೊಟ್ಟು ಸುಮ್ಮನಾದರು.

ಹಟಕ್ಕೆ ಬಿದ್ದೆ. ಯಂತ್ರದ ಸಾಮಾನು ಬರುವ ಪೆಟ್ಟಿಗೆಗಳ ಹಲಗೆ ಬೆಳ್ಳಗಿರುತ್ತಲ್ಲ, ಅದನ್ನೇ ತಂದು ಸೀಳಿದೆ. ಒಂದೊಂದು ಬಾಗಿಲಿಗೆ ನಲವತ್ತು ಚೌಕ, ಎರಡು ಬಾಗಿಲು. ಪಟ್ಟಿ ಪಟ್ಟಿ ಸೇರುವ ಕಡೆಯಲ್ಲೆಲ್ಲ ಎರಡಕ್ಕೂ ಅರ್ಧರ್ಧ ಕಚ್ಚು ಕಡಿದು ಒಂದರೊಳಗೊಂದು ಕೂಡಿಸಬೇಕು. ಕಚ್ಚು ಒಂದು ಕೂದಲಷ್ಟು ಹೆಚ್ಚಾದರೆ ಪಟ್ಟಿ ಅಲ್ಲಾಡುತ್ತದೆ, ಕಡಿಮೆಯಾದರೆ ಹೊಡೆದು ಕೂರಿಸುವಾಗ ಫಟ್ಟೆಂದು ಸೀಳುತ್ತದೆ. ನನ್ನವು ಒಂದೋ ಅಲ್ಲಾಡಿದವು, ಇಲ್ಲವೇ ಸೀಳಿದವು. ಬಸ್ಸಿಳಿದು ಬಂದವನು ಅಂಗಿ ಕೂಡ ಬಿಚ್ಚದೆ ನಡುಮನೆಯಲ್ಲಿ ಕೂತು ಬಿಡುತ್ತಿದ್ದೆ. ಹಳೆಯದು ಕಿತ್ತು ಹೊಸ ಪಟ್ಟಿ ಸೀಳು, ತೋಪಡ ಹೊಡಿ, ಕಚ್ಚು ಕಡಿ, ಸುತ್ತಿಗೆಯಿಂದ ಬಡಿ. ಮರದ ಹೊಟ್ಟು ಸಾರಿಗೆ ಬಿತ್ತೆಂದು ಅಮ್ಮ ಗೊಣಗಿದರೆ, "ನಿನ್ ಮಗ್ಳು ಪಾಸಾಗ್ಬೇಕೋ ಬ್ಯಾಡ್ವೋ?" ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದೆ. ತಂಗಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಾ ಕೂತಿರುತ್ತಿದ್ದಳು. ನನ್ನ ಕೆಲಸ ಮೆಚ್ಚಿ ನೋಡುತ್ತಿದ್ದಾಳೆ ಎಂದುಕೊಂಡಿದ್ದೆ.

ಕಾಗದದ್ದು ಇನ್ನೊಂದು ಗೋಳು. ಗಾಳಿಪಟದ ಕಾಗದ ಅಂಟಿಸುವಾಗಲೇ ಹರಿಯಿತು. ಬಟರ್ ಪೇಪರು ನಿಂತಿತು, ಆದರೆ ಮೈದಾ ಗೋಂದಿನ ರುಚಿಗೆ ಜಿರಲೆಗಳು ಬಂದು ಅಂಚನ್ನೆಲ್ಲ ಮೇಯ್ದವು. ಕೊನೆಗೆ ಅಮ್ಮನೇ ದಾರಿ ತೋರಿಸಿದಳು. ಅವಳ ತವರು ಕಂಬಳಿ ನೇಯುವ ಮನೆ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿ, ಸರಿ ಎನ್ನುವ ಅಂಟು ಗಂಜಿ ಕಾಯಿಸಿ ಅಲ್ಲಿ ಕಂಬಳಿಯ ನೂಲಿಗೆ ಹಾಕುತ್ತಾರೆ. ಆ ಸರಿಯನ್ನು ಪಟ್ಟಿಗೆ ಬಳಿದು ಕಾಗದ ಕೂರಿಸಿದೆ. ಬೆಳಿಗ್ಗೆ ನೋಡಿದರೆ ತಮಟೆಯ ಚರ್ಮದ ಹಾಗೆ ಬಿಗಿದು ನಿಂತಿತ್ತು. ಆ ಒಂದು ದಿನ ನಾನು ನಿಜವಾಗಿ ಸಂತೋಷಪಟ್ಟೆ.

ಫೆಬ್ರವರಿ ಕೊನೆಯಲ್ಲಿ ಕೆಳಗೆ ತೋಡಿನ ಪಟ್ಟಿ, ಮೇಲೆ ತೋಡಿನ ಪಟ್ಟಿ ಕೂರಿಸಿ ಬಾಗಿಲು ಏರಿಸಿದೆ. ಒಂದು ಬೆರಳು ತಾಗಿಸಿದರೆ ಸರ್ರನೆ ಸರಿಯಿತು. ತಂಗಿ ಒಳಗೆ ಕೂತಳು, ನಾನು ಬಾಗಿಲು ಸರಿಸಿದೆ, ಬಲ್ಬಿನ ಬೆಳಕು ಕಾಗದ ದಾಟಿ ಒಳಗೆ ಹೋಯಿತು. ಪರೀಕ್ಷೆಗೆ ಇನ್ನೂ ಒಂದು ತಿಂಗಳ ಮೇಲಿತ್ತು.

ಮೂರನೆಯ ದಿನ ಬಾಗಿಲು ಅರ್ಧದಲ್ಲೇ ನಿಂತಿತು. ನೂಕಿದೆ. ಎತ್ತಿ ನೂಕಿದೆ. ಬಗ್ಗಿ ನೋಡಿದರೆ ತೋಡಿನ ತುಂಬ ರಂಗೋಲಿ ಪುಡಿ, ಪಟ್ಟಿಗೆಲ್ಲ ಹಸಿ ಅರಿಶಿನ, ನಡುನಡುವೆ ಕುಂಕುಮ. ನೀರು ಕುಡಿದ ಮರ ಬಾತುಕೊಂಡು ಬಾಗಿಲನ್ನು ಕಚ್ಚಿ ಹಿಡಿದಿತ್ತು. ಬಾಗಿಲಿನ ಕೆಳಗಿನ ಸಾಲಿನ ಕಾಗದಕ್ಕೂ ಅರಿಶಿನದ ಬೆರಳು ತಾಗಿ ನಾಲ್ಕು ಚೌಕ ತೂತಾಗಿದ್ದವು. ನನ್ನ ಮೈ ಉರಿದು ಹೋಯಿತು.

"ಏನಮ್ಮಾ ಇದು?"

"ಹೊಸ್ಲು ತೊಳ್ದೆ ಕಣ್ಲಾ. ಯಾಕೆ?"

"ಅದು ಹೊಸ್ಲಲ್ಲ. ಬಾಗ್ಲು ಓಡಾಡೋ ತೋಡು."

"ಬಾಗ್ಲು ಓಡಾಡ್ತದೆ ಅಂದ್ಮೇಲೆ ಅದ್ರ ಕೆಳ್ಗಿರೋದು ಹೊಸ್ಲು ಅಲ್ದೆ ಇನ್ನೇನ್ಲಾ? ಓದೋಕೆ ಕೂರೋ ಹೆಣ್ಣುಮಗ. ಬೋಳು ಹೊಸ್ಲು ದಾಟ್ಸಿ ಕಳ್ಸಾನ?"

ಜಪಾನಿನ ಹೆಂಗಸರು ನೆಲದ ಆ ಪಟ್ಟಿಯನ್ನು ಏನೆಂದು ಕರೆಯುತ್ತಾರೋ ನನಗೆ ತಿಳಿಯದು. ನಮ್ಮ ಮನೆಯಲ್ಲಿ ಅದು ಹೊಸ್ತಿಲೇ ಆಯಿತು. ಕೈಮುಗಿದು ಕೇಳಿದೆ, ಕಿರುಚಿದೆ. ಅಮ್ಮ ಆಯ್ತು ಬುಡು ಎನ್ನುತ್ತಿದ್ದಳು. ಮಾರನೆಯ ಬೆಳಿಗ್ಗೆ ನಾನು ಬಸ್ಸು ಹತ್ತಿದ್ದೇ ತಡ, ಚೊಂಬು ತಗೊಂಡು ಬಂದು ತೊಳೆದು, ಅರಿಶಿನ ಬಳಿದು, ರಂಗೋಲಿ ಎಳೆಯುತ್ತಿದ್ದಳು. ಮಗಳು ಪಾಸಾಗಲೆಂದು ಅವಳು ಮಾಡಬಹುದಾಗಿದ್ದ ಕೆಲಸ ಅದೊಂದೇ ಆಗಿತ್ತು, ಅದನ್ನು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

ಆಮೇಲಿನ ಮಾರ್ಚ್ ತಿಂಗಳನ್ನು ನೆನೆಸಿಕೊಂಡರೆ ತಲೆ ಚಿಟ್ಟು ಹಿಡಿಯುತ್ತದೆ. ಬೆಳಿಗ್ಗೆ ಅಮ್ಮ ತೊಳೆಯುವುದು, ಮಧ್ಯಾಹ್ನದ ಬಿಸಿಲಿಗೆ ಮರ ಒಣಗಿ ಸೊಟ್ಟಗಾಗುವುದು, ಸಂಜೆ ನಾನು ಬಾಗಿಲು ಇಳಿಸಿ ಮಲಗಿಸಿಕೊಂಡು ಉಳಿಯಿಂದ ರಂಗೋಲಿ ಕೆರೆದು, ತೋಪಡ ಹೊಡೆದು, ಹರಿದ ಚೌಕಕ್ಕೆ ಹೊಸ ಕಾಗದ ಹಾಕುವುದು. ಒಂದು ದಿನ ಒಬ್ಬ ಕುರಿಯವನು ಇದೇನು ಎಂದು ಬೆರಳಿನಿಂದ ಚುಚ್ಚಿ ನೋಡಿದ. ತೂತಾಯಿತು. ಗಟ್ಟಿಯೇನಿಲ್ಲ ಎಂದು ಪಕ್ಕದವನಿಗೆ ಹೇಳಿದ. "ಹಾಳಾಗ್ ಹೋಗ್ಲಿ, ಕಿತ್ತಾಕಿ ಸೀರೆ ಕಟ್ಟೋ" ಎಂದು ಅಪ್ಪ ಕೂಡ ಅಂದರು. ಅಷ್ಟು ಹೊತ್ತಿಗೆ ನನಗೆ ತಂಗಿಯ ಪರೀಕ್ಷೆಗಿಂತ ಆ ಬಾಗಿಲು ಗೆಲ್ಲುವುದೇ ದೊಡ್ಡದಾಗಿತ್ತು. ಆಗ ಯಾರಾದರೂ ಹಾಗೆಂದಿದ್ದರೆ ಹೊಡೆದೇ ಬಿಡುತ್ತಿದ್ದೆ.

ಕೊನೆಗೂ ಗೆದ್ದೆ. ತೋಡಿನ ಪಟ್ಟಿಗೆ ಎರಡು ಸಲ ಬಣ್ಣ ಬಳಿದು, ಅದರ ಮುಂದೆ ಒಂದು ಸಾಲು ಇಟ್ಟಿಗೆ ಹಾಕಿ ಗಾರೆ ಮಾಡಿ, "ತಗೋ, ಇದು ನಿನ್ನ ಹೊಸ್ಲು" ಎಂದು ಅಮ್ಮನಿಗೆ ಒಪ್ಪಿಸಿದೆ. ಗಾರೆ ಆರಿ, ಅಮ್ಮ ಅದರ ಮೇಲೆ ಅರಿಶಿನ ಬಳಿದು, ಬಾಗಿಲು ನಿರಾಳವಾಗಿ ಓಡಿದ್ದು ತಂಗಿ ಗಣಿತದ ಪೇಪರು ಬರೆದು ಬಂದ ದಿನ. ಒಂದು ಬೆರಳಲ್ಲಿ ಸರಿಸಿ ತೋರಿಸಿದೆ. "ಚೆನ್ನಾಗೈತೆ ಕಣಣ್ಣ" ಎಂದು ಅವಳು ಹೇಳಿ ಕೈಕಾಲು ತೊಳೆಯಲು ಹೋದಳು.

ರಿಸಲ್ಟು ಬಂತು. ಗಣಿತದಲ್ಲಿ ಮತ್ತೆ ಹೋಗಿತ್ತು. ಅಪ್ಪ ಅಂಗಿ ಹಾಕಿಕೊಂಡು ಹೊರಗೆ ಹೋದರು, ನಿಡುಗಲ್ಲಿಗೆ ಹೇಳಿ ಕಳಿಸಲು. ಅಮ್ಮ ಒಲೆಯ ಮುಂದೆ ಕೂತು ಅಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ದಿನಾ ನೀರು ಸುರ್ದು ಸುರ್ದು ಬಾಗ್ಲು ಕೆಡುಸ್ದೆ. ಒಂದ್ ತಿಂಗ್ಳು ನೆಟ್ಟಗೆ ಮುಚ್ಚಿದ್ದಿದ್ರೆ ಅವ್ಳು ಪಾಸಾಗ್ತಿದ್ಲು. ಈಗ ಅಳು" ಎಂದೆ.

ತಂಗಿ ಚಾಪೆ ಸುತ್ತುತ್ತಿದ್ದವಳು ನಿಲ್ಲಿಸಿ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. ಲೆಕ್ಕ ಬಿಡಿಸಿ ಹೇಳುವವಳ ಹಾಗೆ ಹೇಳಿದಳು.

"ಅಮ್ಮುನ್ನ ಯಾಕಣ್ಣ ಅಂತೀಯ? ಅಮ್ಮ ತೊಳಿತಿದ್ದದ್ದು ಬೆಳಿಗ್ಗೆ ಒಂದ್ಗಳಿಗೆ. ಕುರಿಯೋರು ಹೊತ್ತು ಮುಳುಗೋದ್ರೊಳ್ಗೆ ಬಸ್ಸಿಗೆ ಎದ್ದೋಗ್ತಿದ್ರು. ಆಮೇಲೆ ಊಟದ್ ತಂಕ ಮನೆ ತಣ್ಣಗಿರೋದು. ಓದೋಕೆ ನಂಗಿದ್ದದ್ದು ಅದೊಂದೇ ಹೊತ್ತು. ಅವಾಗ್ಲೇ ನೀನು ಬಂದು ಕಟಕಟ ಅಂತ ಶುರು ಮಾಡ್ತಿದ್ದೆ. ನಾಲ್ಕು ತಿಂಗ್ಳು."

"ಹೇಳ್ಬಾರ್ದಾಗಿತ್ತಾ?" ಎಂದೆ.

"ಹೆಂಗ್ ಹೇಳ್ಲಿ? ತಂಗಿಗೋಸ್ಕರ ಮಾಡ್ತಾವ್ನಿ ಅಂತ ನೀನು ಊರ್ಗೆಲ್ಲ ಹೇಳ್ಕಂಡು ತಿರುಗ್ತಿದ್ದೆ."

ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿ ಅವಳು ಅಮ್ಮನ ಪಕ್ಕ ಹೋಗಿ ಕೂತಳು. ನಾನು ಹೊರಗೆ ಬಂದು ಜಗಲಿಯ ಮೇಲೆ ನಿಂತೆ. ಕಿರುಚಬೇಕೆನ್ನಿಸಿತು, ಕಿರುಚಲು ಯಾರೂ ಉಳಿದಿರಲಿಲ್ಲ. ಅಪ್ಪನ ಹಿಂದೆ ಓಡಿ ಹೋಗಿ, ಇನ್ನೊಂದು ಸಲ ಕಟ್ಟಿಸೋಣ, ತಪ್ಪು ನನ್ನದು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಆ ವಾರವೂ ಹೇಳಲಿಲ್ಲ. ಹೇಳಿದರೆ ಬಾಗಿಲಿನ ವಿಷಯ ಎಲ್ಲರೆದುರು ಬರುತ್ತಿತ್ತು.

ತಿಂಗಳೊಳಗೆ ನಿಡುಗಲ್ಲಿನವರು ಶಾಸ್ತ್ರಕ್ಕೆ ಬಂದರು. ತಂಗಿಗೆ ಆ ಮೂಲೆಯಲ್ಲೇ ಸೀರೆ ಉಡಿಸಿ, ಹೂ ಮುಡಿಸಿ, ಹೆಂಗಸರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಿದ್ದರು. ಅಪ್ಪನ ಜತೆ ಚಾಪೆಯ ಮೇಲೆ ಕೂತಿದ್ದ ಯಜಮಾನರ ಕಣ್ಣು ಬಾಗಿಲಿನ ಮೇಲೇ ಇತ್ತು. ಎದ್ದು ಬಂದು, ಒಂದು ಬಾಗಿಲನ್ನು ಗೇಣಷ್ಟು ಆ ಕಡೆಗೆ, ಗೇಣಷ್ಟು ಈ ಕಡೆಗೆ ಸರಿಸಿ ನೋಡಿ, ತಮ್ಮ ಕಡೆಯ ತೆಲುಗು ಬೆರೆಸಿ ಮೆಚ್ಚಿಕೊಂಡರು.

"ಚಾಲಾ ಬಾಗುಂದಪ್ಪಾ. ಎಲ್ಲೂ ಕಂಡಿಲ್ಲ ಇಂಥದ್ದು. ನೀವೇ ಮಾಡಿದ್ದಾ ಮೇಷ್ಟ್ರೇ? ನಮ್ ಮನೆಗೂ ಒಂದು ಮಾಡ್ಕೊಡಿ. ಒಂದ್ ನಾಕು ತಿಂಗ್ಳು ಅಲ್ಲೇ ಬಂದು ಇದ್ದುಬುಡಿ."

ಅಪ್ಪ ಹೆಮ್ಮೆಯಿಂದ ನನ್ನ ಕಡೆ ನೋಡಿದರು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಆಗಲಿ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ, ಮಾವನಾಗುವವರ ಎದುರು ಮಾತೇ ಆಡಬಾರದ ಹುಡುಗಿ ಕಾಗದದ ಆಚೆಯಿಂದ ಹೇಳಿದಳು.

"ಬ್ಯಾಡಣ್ಣ."